ನಾರ್ತ್ ಪೌನಲ್ ಗಿರಣಿಯ ಹುಡುಗಿ: ಒಂದು ಚಿತ್ರ, ಒಂದು ಅಡಿಬರಹ, ಒಂದು ತಪ್ಪು ಹೆಸರು

ಹುಡುಗಿ ಬರಿಗಾಲಲ್ಲಿ ನಿಂತಿದ್ದಾಳೆ. ಪಾದಗಳ ಮೇಲೆ ಯಂತ್ರದ ಎಣ್ಣೆ ಕಪ್ಪಾಗಿ ಮೆತ್ತಿಕೊಂಡಿದೆ. ಮೈಮೇಲೆ ಕಲೆಗಟ್ಟಿದ ಸಡಿಲ ಅಂಗಿ. ಕೂದಲನ್ನು ಎತ್ತಿ ಕಟ್ಟಿದ್ದರೂ ಒಂದೆರಡು ಎಳೆ ಜಾರಿ ಹೊರಬಂದಿವೆ. ಒಂದು ತೋಳನ್ನು ನೂಲುವ ಯಂತ್ರದ ಮೇಲೆ ಊರಿದ್ದಾಳೆ, ದಿನವೂ ಕಟ್ಟುವ ಹಸುವಿನ ಬೆನ್ನ ಮೇಲೆ ಹಳ್ಳಿಯ ಮಗುವೊಂದು ಕೈ ಇಟ್ಟು ನಿಂತಷ್ಟು ಸಲಿಗೆಯಿಂದ. ಆ ತೋಳು ಎಷ್ಟು ಸಣ್ಣದೆಂದರೆ ಮೊದಲ ಸಲ ಚಿತ್ರ ನೋಡಿದಾಗ ನನ್ನ ಕಣ್ಣು ಮುಖಕ್ಕೆ ಹೋಗಲೇ ಇಲ್ಲ, ಅಲ್ಲಿಯೇ ನಿಂತಿತು. ಆಮೇಲೆ ಮುಖ. ಆ ನೋಟದಲ್ಲಿ ಬೇಡಿಕೆ ಇಲ್ಲ, ದೂರೂ ಇಲ್ಲ. ಕೆಲಸದ ನಡುವೆ ಯಾರೋ ಕರೆದರು, ತಿರುಗಿ ನೋಡಿದಳು, ಅಷ್ಟೇ.

ಚಿತ್ರ ತೆಗೆದದ್ದು 1910ರ ಆಗಸ್ಟ್‌ನಲ್ಲಿ, ಅಮೆರಿಕದ ವರ್ಮಾಂಟ್ ರಾಜ್ಯದ ನಾರ್ತ್ ಪೌನಲ್ ಎಂಬ ಸಣ್ಣ ಊರಿನ ಹತ್ತಿಗಿರಣಿಯಲ್ಲಿ. ತೆಗೆದವನು ದುಡಿಯುವ ಮಕ್ಕಳ ಚಿತ್ರಗಳಿಗೆ ಹೆಸರಾದ ಛಾಯಾಗ್ರಾಹಕ ಲೂಯಿಸ್ ಹೈನ್. ಅದರ ಜೊತೆಗೆ ಅವನು ಬರೆದಿಟ್ಟ ಟಿಪ್ಪಣಿಯನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ಆ್ಯಡಿ ಲೇರ್ಡ್, 12 ವರ್ಷ, ಹತ್ತಿಗಿರಣಿಯಲ್ಲಿ ನೂಲುವವಳು. ಅವಳಿಗೆ ಹತ್ತು ವರ್ಷವೆಂದು ಗಿರಣಿಯ ಹುಡುಗಿಯರು ಹೇಳುತ್ತಾರೆ. ಹನ್ನೆರಡು ಎಂದು ಅವಳೇ ನನ್ನೆದುರು ಒಪ್ಪಿಕೊಂಡಳು. ಶಾಲೆಯ ರಜೆಯಲ್ಲಿ ಕೆಲಸ ಶುರುಮಾಡಿದ್ದಾಗಿಯೂ ಇನ್ನು ಇಲ್ಲೇ ‘ಉಳಿಯುವುದಾಗಿಯೂ’ ಹೇಳಿದಳು.

ಪತ್ರಿಕೆಯ ಡೆಸ್ಕಿನಲ್ಲಿ ಚಿತ್ರಗಳಿಗೆ ಅಡಿಬರಹ ಬರೆಯುವ ಕೆಲಸವನ್ನು ನಾನು ವರ್ಷಗಟ್ಟಲೆ ಮಾಡಿದ್ದೇನೆ. ಅದನ್ನು ಕಿರಿಯರ ಕೆಲಸವೆಂದು ಎಲ್ಲರೂ ಬಗೆಯುತ್ತಾರೆ. ಪುಟ ಮುಗಿಯುವ ಹೊತ್ತಿಗೆ ಉಳಿದ ಜಾಗಕ್ಕೆ ಎರಡು ಸಾಲು. ಹಾಗಾಗಿಯೇ ಈ ಪ್ರಕರಣವನ್ನು ಬಿಡಿಸಿ ಬರೆಯಬೇಕೆನಿಸಿತು. ಹೈನ್ ತೆಗೆದ ಚಿತ್ರಗಳು ಜನರ ಮನಸ್ಸನ್ನು ಅಲುಗಿಸಿದವು ಎಂಬ ಮಾತು ಎಲ್ಲ ಕಡೆ ಸಿಗುತ್ತದೆ. ನನ್ನ ಮಟ್ಟಿಗೆ, ಅವನ ಚಿತ್ರಗಳಿಗೆ ಸಾಕ್ಷ್ಯದ ಬಲ ಬಂದದ್ದು ಕೆಳಗಿನ ಈ ಒಣ ಸಾಲುಗಳಿಂದ. ಒಂದು ಸಾಲಿನಲ್ಲಿ ಹೆಸರು ತಪ್ಪಿದ್ದರಿಂದ ಈ ಹುಡುಗಿ ತೊಂಬತ್ತಕ್ಕೂ ಹೆಚ್ಚು ವರ್ಷ ಯಾರಿಗೂ ಸಿಗದೆ ಹೋದಳು ಎಂಬುದೂ ಅದೇ ಮಾತಿನ ಇನ್ನೊಂದು ಮುಖ.

ಊರು, ಗಿರಣಿ, ಕೆಲಸ

ನಾರ್ತ್ ಪೌನಲ್ ಇರುವುದು ವರ್ಮಾಂಟ್‌ನ ನೈಋತ್ಯ ಮೂಲೆಯಲ್ಲಿ, ಮಸಾಚುಸೆಟ್ಸ್ ಮತ್ತು ನ್ಯೂಯಾರ್ಕ್ ರಾಜ್ಯಗಳ ಗಡಿಗೆ ಅಂಟಿಕೊಂಡು. ಹೂಸಿಕ್ ನದಿಯ ದಂಡೆಯಲ್ಲಿ ಗಿರಣಿ. 19ನೇ ಶತಮಾನದ ಮಧ್ಯದಲ್ಲಿ ಈ ಊರಿನಲ್ಲಿ ಪಾಠ ಹೇಳಿದ್ದ ಇಬ್ಬರು ಯುವಕರು, ಜೇಮ್ಸ್ ಗಾರ್ಫೀಲ್ಡ್ ಮತ್ತು ಚೆಸ್ಟರ್ ಆರ್ಥರ್, ಮುಂದೆ ಒಬ್ಬರ ಹಿಂದೊಬ್ಬರು ಅಮೆರಿಕದ ಅಧ್ಯಕ್ಷರಾದರು. ಅಂತಹ ಊರಿನ ಮಗುವೊಂದು ಶಾಲೆಯ ರಜೆ ಮುಗಿದರೂ ಗಿರಣಿಯಲ್ಲೇ ಉಳಿಯುತ್ತೇನೆ ಎಂದದ್ದು ನನ್ನನ್ನು ಬಹಳ ಹೊತ್ತು ಕಾಡಿತು.

ಗಿರಣಿಯ ಮಕ್ಕಳೆಂದರೆ ಅಮೆರಿಕದ ದಕ್ಷಿಣ ರಾಜ್ಯಗಳ ಸಮಸ್ಯೆ ಎಂದು ಆಗ ಉತ್ತರದವರು ನಂಬಲು ಇಷ್ಟಪಡುತ್ತಿದ್ದರು. ಹೈನ್ ಕೂಡ 1908 ಮತ್ತು 1909ರಲ್ಲಿ ಹೆಚ್ಚಾಗಿ ಸುತ್ತಿದ್ದು ಎರಡು ಕೆರೊಲಿನಾಗಳಲ್ಲಿ ಮತ್ತು ಜಾರ್ಜಿಯಾದಲ್ಲಿ. ಆದರೆ ವರ್ಮಾಂಟ್ ಶಾಲೆ ಮತ್ತು ಚರ್ಚುಗಳಿಗೆ ಹೆಸರಾದ ನ್ಯೂ ಇಂಗ್ಲೆಂಡ್ ಪ್ರಾಂತ್ಯದ್ದು. ಆ್ಯಡಿಯ ಚಿತ್ರ ಆ ನಂಬಿಕೆಯ ಬುಡಕ್ಕೇ ಕೈ ಹಾಕಿತು.

ಕೆಲಸ ಏನು ಎಂಬುದನ್ನು ಸರಿಯಾಗಿ ತಿಳಿಯದೆ ಚಿತ್ರ ಅರ್ಥವಾಗುವುದಿಲ್ಲ. ಚಿತ್ರದಲ್ಲಿರುವುದು ರಿಂಗ್ ಫ್ರೇಮ್, ಎಂದರೆ ಉದ್ದನೆಯ ನೂಲುವ ಯಂತ್ರ. ಮೇಲೆ ಹಂಜಿಯಂತಹ ಸಡಿಲ ಎಳೆಯ ಸುರುಳಿಗಳು. ಉರುಳೆಗಳು ಅದನ್ನು ಎಳೆದು ತೆಳುವಾಗಿಸುತ್ತವೆ. ಕೆಳಗೆ ಗಿರಗಿರನೆ ತಿರುಗುವ ಕದಿರುಗಳು ಹುರಿಕೊಟ್ಟು ನೂಲನ್ನು ಬಾಬಿನ್ನಿಗೆ ಸುತ್ತುತ್ತವೆ. ಯಂತ್ರದ ಒಂದು ಮಗ್ಗುಲಿಗೆ ‘ಸೈಡ್’ ಎಂದು ಹೆಸರು. ಒಂದು ಸೈಡಿನಲ್ಲಿ ನೂರರ ಆಸುಪಾಸು ಕದಿರುಗಳು. ಎಳೆ ಎಲ್ಲಿ ಕಡಿಯುತ್ತದೆಯೋ ಅಲ್ಲಿಗೆ ಓಡಿ, ತಿರುಗುತ್ತಿರುವ ಕದಿರಿನ ಬಳಿ ಬೆರಳಿಟ್ಟು, ತುದಿಗೆ ತುದಿ ಕೂಡಿಸುವುದೇ ನೂಲುವವಳ ಕೆಲಸ. ಜೊತೆಗೆ ಅಂಟಿದ ಅರಳೆಯನ್ನು ಬ್ರಷ್ಷಿನಿಂದ ತೆಗೆಯುತ್ತಿರಬೇಕು. ತುಂಬಿದ ಬಾಬಿನ್ ತೆಗೆದು ಖಾಲಿ ಬಾಬಿನ್ ಹಾಕುವವರು ಹುಡುಗರು. ಅವರನ್ನು ಡಾಫರ್ ಎನ್ನುತ್ತಿದ್ದರು. ಇದರಲ್ಲಿ ಯಾವುದಕ್ಕೂ ತೋಳಬಲ ಬೇಕಿಲ್ಲ. ಬೇಕಾದದ್ದು ಚುರುಕು ಬೆರಳು, ತಪ್ಪದ ಕಣ್ಣು ಮತ್ತು ದಿನವಿಡೀ ಅತ್ತಿತ್ತ ನಡೆಯುವ ಕಾಲು. ಮಕ್ಕಳನ್ನು ಇಡುವುದಕ್ಕೆ ಮಾಲೀಕರು ಕೊಡುತ್ತಿದ್ದ ಸಮರ್ಥನೆಯೂ ಇದೇ: ಕೆಲಸ ಹಗುರ.

ಹಗುರ ಎಂಬ ಮಾತನ್ನು ಗಂಟೆಗಳಿಂದ ತೂಗಬೇಕು. ಆ ಕಾಲದ ಗಿರಣಿಗಳಲ್ಲಿ ವಾರಕ್ಕೆ 60 ಗಂಟೆಯ ದುಡಿಮೆ ಸಾಮಾನ್ಯ. ತೇವ ಕಡಿಮೆಯಾದರೆ ನೂಲು ಕಡಿಯುತ್ತದೆಂದು ಬೇಸಿಗೆಯಲ್ಲೂ ಕಿಟಕಿಗಳನ್ನು ಮುಚ್ಚಿಡುತ್ತಿದ್ದರು. ಗಾಳಿಯಲ್ಲಿ ಅರಳೆಯ ಧೂಳು ತೇಲುತ್ತಿತ್ತು. ಎಣ್ಣೆ ಚೆಲ್ಲಿದ ಮರದ ನೆಲದ ಮೇಲೆ ಬರಿಗಾಲಿಗೆ ಹಿಡಿತ ಸಿಗುತ್ತದೆ. ಎಟುಕದ ಕಡೆ ಯಂತ್ರದ ಮೇಲೆ ಹತ್ತುವುದಕ್ಕೂ ಬರಿಗಾಲೇ ಅನುಕೂಲ. ಜಾರ್ಜಿಯಾದ ಮೇಕನ್ ಊರಿನ ಬಿಬ್ ಗಿರಣಿಯಲ್ಲಿ 1909ರ ಜನವರಿಯಲ್ಲಿ ತೆಗೆದ ಚಿತ್ರಕ್ಕೆ ಹೈನ್ ಬರೆದ ಸಾಲು ಇದನ್ನೇ ಹೇಳುತ್ತದೆ: ಕೆಲವು ಹುಡುಗರೂ ಹುಡುಗಿಯರೂ ಎಷ್ಟು ಚಿಕ್ಕವರೆಂದರೆ ಕಡಿದ ಎಳೆ ಕೂಡಿಸಲು, ಖಾಲಿ ಬಾಬಿನ್ ಇಡಲು ಯಂತ್ರದ ಮೇಲೆ ಹತ್ತಬೇಕಾಗಿತ್ತು. ಆ್ಯಡಿಯ ಪಾದದ ಮೇಲಿನ ಆ ಕಪ್ಪಿಗೆ ಬಡತನದ ಜೊತೆಗೆ ಈ ಕೆಲಸವೂ ಕಾರಣ.

ದಾವಣಗೆರೆ, ಹುಬ್ಬಳ್ಳಿ, ಗೋಕಾಕದ ಗಿರಣಿಗಳಲ್ಲಿ ದುಡಿದ ಕುಟುಂಬಗಳಿಗೆ ಈ ಯಂತ್ರದ ವಿವರಣೆ ಬೇಕಾಗಿಲ್ಲ. ನಮ್ಮ ದೇಶದ ಕಾನೂನೂ ಆಗ ಮಕ್ಕಳನ್ನು ಹೊರಗಿಟ್ಟಿರಲಿಲ್ಲ. 1881ರ ಕಾರ್ಖಾನೆ ಕಾಯಿದೆ ಏಳು ವರ್ಷ ತುಂಬಿದ ಮಗುವಿಗೆ ದಿನಕ್ಕೆ 9 ಗಂಟೆಯ ದುಡಿಮೆಯನ್ನು ಒಪ್ಪಿತ್ತು. 1891ರಲ್ಲಿ ಕನಿಷ್ಠ ವಯಸ್ಸು ಒಂಬತ್ತಾಯಿತು, ಗಂಟೆ 7ಕ್ಕೆ ಇಳಿಯಿತು. ಹೈನ್ ನಾರ್ತ್ ಪೌನಲ್‌ಗೆ ಹೋದ ವರ್ಷ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಗೋಕಾಕ ಜಲಪಾತದ ಬಳಿಯ ಗಿರಣಿಯಲ್ಲಿ ಒಂಬತ್ತು ವರ್ಷದ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವುದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ.

ಹೈನ್ ಮಾಡಿದ್ದೇನು

ಹೈನ್ ಹುಟ್ಟಿದ್ದು 1874ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್‌ನಲ್ಲಿ. ನ್ಯೂಯಾರ್ಕ್‌ನ ಎಥಿಕಲ್ ಕಲ್ಚರ್ ಶಾಲೆಯಲ್ಲಿ ಮೇಷ್ಟರಾಗಿದ್ದ. ಅಲ್ಲಿನ ಮುಖ್ಯಸ್ಥರು ಕ್ಯಾಮೆರಾ ಕೈಗೆ ಕೊಟ್ಟ ಮೇಲೆಯೇ ಅವನು ಛಾಯಾಗ್ರಾಹಕನಾದದ್ದು. ನ್ಯೂಯಾರ್ಕ್ ಬಂದರಿನ ಎಲಿಸ್ ದ್ವೀಪದಲ್ಲಿ ಬಂದಿಳಿಯುತ್ತಿದ್ದ ವಲಸಿಗರು ಅವನ ಮೊದಲ ವಸ್ತು. 1904ರಲ್ಲಿ ಹುಟ್ಟಿದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿ 1908ರಲ್ಲಿ ಅವನನ್ನು ಪೂರ್ಣಾವಧಿ ಕೆಲಸಕ್ಕೆ ತೆಗೆದುಕೊಂಡಿತು. ಅವನ ಕೆಲಸದ ಸ್ವರೂಪ ತನಿಖೆಯದು. ಚಿತ್ರ ತೆಗೆಯುವುದು ಆ ತನಿಖೆಯ ಒಂದು ಭಾಗ.

ಸಮಿತಿಯ ಮುಂದಿದ್ದ ತೊಡಕನ್ನು ಸರಿಯಾಗಿ ಗುರುತಿಸಿಕೊಳ್ಳಬೇಕು. 1900ರ ಜನಗಣತಿಯ ಪ್ರಕಾರ ಹತ್ತರಿಂದ ಹದಿನೈದು ವರ್ಷದ ಸುಮಾರು 17.5 ಲಕ್ಷ ಅಮೆರಿಕನ್ ಮಕ್ಕಳು ದುಡಿಯುತ್ತಿದ್ದರು. ಹಲವು ರಾಜ್ಯಗಳಲ್ಲಿ ವಯಸ್ಸಿನ ಮಿತಿಯ ಕಾನೂನು ಇತ್ತು. ಇಲ್ಲದಿದ್ದದ್ದು ವಯಸ್ಸಿನ ಪುರಾವೆ. ಜನನ ನೋಂದಣಿ ಬಹುಪಾಲು ಕಡೆ ಇರಲಿಲ್ಲ. ಮನೆಯ ಬೈಬಲ್‌ನಲ್ಲಿ ಬರೆದಿಟ್ಟ ಹುಟ್ಟಿದ ದಿನವೋ, ತಂದೆತಾಯಿಯ ಬಾಯಿಮಾತೋ ಪುರಾವೆ. ಹೀಗಿದ್ದಾಗ ಗಿರಣಿಯೊಳಗೆ ಕಂಡ ಮಗುವಿನ ಬಗ್ಗೆ ಕೇಳಿದರೆ ಉತ್ತರ ಸಿದ್ಧವಿರುತ್ತಿತ್ತು. ಸೌತ್ ಕೆರೊಲಿನಾದ ನ್ಯೂಬೆರಿಯಲ್ಲಿ 1908ರ ಡಿಸೆಂಬರ್ 3ರಂದು ಒಬ್ಬ ಮೇಲ್ವಿಚಾರಕ ಕ್ಷಮೆ ಕೇಳುವ ದನಿಯಲ್ಲಿ ಹೇಳಿದನಂತೆ: ‘ಅವಳು ಸುಮ್ಮನೆ ಒಳಗೆ ಬಂದಿದ್ದಾಳೆ.’ ಅವಳು ಒಂದೇ ಸಮನೆ ಕೆಲಸ ಮಾಡುತ್ತಿದ್ದಳು ಎಂದು ಹೈನ್ ಬರೆದುಕೊಂಡ. ‘ಸುಮ್ಮನೆ ಬಂದ’, ‘ಅಕ್ಕನಿಗೆ ನೆರವಾಗುವ’ ಮಕ್ಕಳಿಂದಲೇ ಗಿರಣಿಗಳು ತುಂಬಿರುವಂತಿದೆ ಎಂದೂ ಸೇರಿಸಿದ. ಆ ಟಿಪ್ಪಣಿಯ ಕೊನೆಯಲ್ಲಿ ಸಾಕ್ಷಿಯ ಹೆಸರಿದೆ: ಸಾರಾ ಹೈನ್. ಅವನ ಹೆಂಡತಿ.

ಈ ವಿವರದ ಮುಂದೆ ನಾನು ಪ್ರತಿಸಲ ನಿಲ್ಲುತ್ತೇನೆ. ಚಿತ್ರಕ್ಕೆ ಸಾಕ್ಷಿಯ ಹೆಸರು ಹಾಕುವ ಛಾಯಾಗ್ರಾಹಕ ಎದುರಿಗೆ ಯಾರನ್ನು ಕಲ್ಪಿಸಿಕೊಂಡಿದ್ದಾನೆ? ತನ್ನನ್ನು ಸುಳ್ಳುಗಾರನೆನ್ನಲು ಕಾದು ಕುಳಿತಿರುವ ಗಿರಣಿಯ ವಕೀಲನನ್ನು. ಗ್ಯಾಲರಿಗೆ ಬರುವ ರಸಿಕ ಅವನ ಲೆಕ್ಕದಲ್ಲಿ ಇದ್ದಂತಿಲ್ಲ. ತನ್ನ ಚಿತ್ರಮಾಹಿತಿ ನೂರಕ್ಕೆ ನೂರು ಶುದ್ಧವಾಗಿದೆ, ತಿದ್ದುಪಡಿಯಾಗಲಿ ನಕಲಿಯಾಗಲಿ ಇಲ್ಲವೆಂದು ತಾನು ಎರಡೆರಡು ಸಲ ಖಚಿತಪಡಿಸಿಕೊಳ್ಳಬೇಕಿತ್ತು ಎಂದು ಅವನು ಹೇಳಿಕೊಂಡಿದ್ದಾನೆ. 1909ರ ಒಂದು ಭಾಷಣದಲ್ಲಿ ಅವನಾಡಿದ ಮಾತು ಇನ್ನೂ ನೇರ: ಛಾಯಾಚಿತ್ರಗಳು ಸುಳ್ಳು ಹೇಳದಿರಬಹುದು, ಆದರೆ ಸುಳ್ಳುಗಾರರು ಛಾಯಾಚಿತ್ರ ತೆಗೆಯಬಹುದು.

ಒಳಗೆ ಹೋಗುವುದಕ್ಕೆ ಮಾತ್ರ ಅವನು ಸುಳ್ಳು ಹೇಳುತ್ತಿದ್ದ. ಒಮ್ಮೆ ಬೈಬಲ್ ಮಾರುವವನು, ಒಮ್ಮೆ ಪೋಸ್ಟ್‌ಕಾರ್ಡ್ ಮಾರುವವನು, ಒಮ್ಮೆ ಯಂತ್ರಗಳ ಚಿತ್ರ ತೆಗೆಯಲು ಬಂದವನು. ಯಂತ್ರದ ಗಾತ್ರ ಗೊತ್ತಾಗಲೆಂದು ಒಂದು ಮಗುವನ್ನು ಪಕ್ಕದಲ್ಲಿ ನಿಲ್ಲಿಸಿ ಎನ್ನುತ್ತಿದ್ದನಂತೆ. ತನ್ನ ಕೋಟಿನ ಗುಂಡಿಗಳು ನೆಲದಿಂದ ಎಷ್ಟೆಷ್ಟು ಎತ್ತರದಲ್ಲಿವೆ ಎಂಬುದು ಅವನಿಗೆ ಬಾಯಿಪಾಠ; ಮಗು ಎದುರು ಬಂದು ನಿಂತರೆ ತಲೆ ಯಾವ ಗುಂಡಿಗೆ ಸಮ ಎಂದು ನೋಡಿ ಎತ್ತರ ತಿಳಿಯುತ್ತಿದ್ದ. ಪುಸ್ತಕ ತೆಗೆದು ಬರೆದರೆ ಮೇಲ್ವಿಚಾರಕನಿಗೆ ಅನುಮಾನ ಬರುತ್ತದೆ. ಆದ್ದರಿಂದ ಜೇಬಿನೊಳಗೆ ಕೈಯಿಟ್ಟು ಕಾಣದಂತೆ ಗೀಚಿಕೊಳ್ಳುತ್ತಿದ್ದ. ಕೈಯಲ್ಲಿದ್ದದ್ದು 5x7 ಇಂಚಿನ ಗಾಜಿನ ಫಲಕಗಳ ಪೆಟ್ಟಿಗೆ ಕ್ಯಾಮೆರಾ, ಬೆಳಕಿಗೆ ಮೆಗ್ನೀಸಿಯಂ ಪುಡಿ. ಪುಡಿ ಹೊತ್ತಿ ಹೊಗೆ ಎದ್ದ ಮೇಲೆ ಒಳಗೆ ಏನು ನಡೆಯುತ್ತಿದೆ ಎಂಬುದು ಯಾರಿಗೂ ಗುಟ್ಟಾಗಿ ಉಳಿಯುವುದಿಲ್ಲ. ಎರಡನೆಯ ಅವಕಾಶ ಸಿಗುವುದು ಅಪರೂಪ.

ವಯಸ್ಸನ್ನು ಅಲ್ಲಗಳೆಯಬಹುದು, ಎತ್ತರವನ್ನು ಅಲ್ಲಗಳೆಯಲಾಗದು. 1908ರ ನವೆಂಬರ್ 30ರಂದು ಸೌತ್ ಕೆರೊಲಿನಾದ ಲ್ಯಾಂಕಾಸ್ಟರ್ ಗಿರಣಿಯಲ್ಲಿ ತೆಗೆದ ಚಿತ್ರದ ಅಡಿಬರಹದಲ್ಲಿ ವಯಸ್ಸೇ ಇಲ್ಲ. 48 ಇಂಚು ಎತ್ತರ, ಅರ್ಧ ವರ್ಷದಿಂದ ಕೆಲಸ ಎಂದಿದೆ. ಓದುವವರು ತಮ್ಮ ಮನೆಯ ಬಾಗಿಲ ಚೌಕಟ್ಟಿಗೆ ನಾಲ್ಕು ಅಡಿಯ ಗೆರೆ ಹಾಕಿ ನೋಡಿಕೊಳ್ಳಬಹುದಿತ್ತು. ಆ್ಯಡಿಯ ವಿಷಯದಲ್ಲಿ ಅವನು ಬೇರೆ ದಾರಿ ಹಿಡಿದ: ಒಂದೇ ಟಿಪ್ಪಣಿಯಲ್ಲಿ ಎರಡು ವಯಸ್ಸು, ಗೆಳತಿಯರು ಹೇಳಿದ ಹತ್ತು ಮತ್ತು ಅವಳೇ ಹೇಳಿದ ಹನ್ನೆರಡು. ಆಂದೋಲನಕ್ಕೆ ಹತ್ತು ಎಂಬುದೇ ಹೆಚ್ಚು ಉಪಯುಕ್ತವಾಗಿತ್ತು. ಹತ್ತನ್ನಷ್ಟೇ ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹನ್ನೆರಡನ್ನು ಮೊದಲಿಗೆ ಬರೆದು, ಹತ್ತು ಯಾರ ಬಾಯಿಂದ ಬಂತೆಂದು ಹೇಳಿದ. ಮುಂದೆ ಹುಟ್ಟಿದ ದಿನದ ದಾಖಲೆ ಸಿಕ್ಕಾಗ ತಿಳಿದದ್ದು: ಅವಳು ಹುಟ್ಟಿದ್ದು 1897ರ ಡಿಸೆಂಬರ್‌ನಲ್ಲಿ. ಆ ಆಗಸ್ಟ್‌ನಲ್ಲಿ ಅವಳಿಗೆ ಹನ್ನೆರಡೇ.

ಅದೇ ಭೇಟಿಯ ಇನ್ನೊಂದು ಚಿತ್ರಕ್ಕೆ ಅವನು ‘ರಕ್ತಹೀನ ಪುಟ್ಟ ನೂಲುವವಳು’ ಎಂದು ಬರೆದಿದ್ದಾನೆ. ಇಲ್ಲಿ ತನಿಖೆ ಮಾಡುವವನ ಸಂಯಮ ಸ್ವಲ್ಪ ಸಡಿಲಿದೆ ಎಂದು ನನಗನಿಸುತ್ತದೆ. ರಕ್ತಹೀನತೆಯನ್ನು ಕ್ಯಾಮೆರಾ ಅಳೆಯಲಾರದು. ಆದರೆ ಅವಳ ಎದುರು ನಿಂತ ಮನುಷ್ಯ ಅಷ್ಟನ್ನಾದರೂ ಬರೆಯದೆ ಹೇಗಿರಬೇಕಿತ್ತು?

ಚಿತ್ರ ಹೋದ ದಾರಿ

ಸಮಿತಿ ಈ ಚಿತ್ರಗಳನ್ನು ಕರಪತ್ರ, ಭಿತ್ತಿಪತ್ರ, ಪ್ರದರ್ಶನ, ಲಾಟೀನು ಸ್ಲೈಡ್‌ಗಳ ಮೂಲಕ ಊರೂರಿಗೆ ಒಯ್ದಿತು. 1912ರಲ್ಲಿ ಸರ್ಕಾರ ಮಕ್ಕಳ ಬ್ಯೂರೋ ಸ್ಥಾಪಿಸಿತು. ಜೂಲಿಯಾ ಲೇತ್ರಪ್ ಅದರ ಮೊದಲ ಮುಖ್ಯಸ್ಥೆ. ಬ್ಯೂರೋ ಮೊದಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಜನನ ನೋಂದಣಿಯೂ ಒಂದು. ಕೋಟಿನ ಗುಂಡಿಯಿಂದ ವಯಸ್ಸು ಊಹಿಸಬೇಕಾದ ಸ್ಥಿತಿಗೆ ಸರಿಯಾದ ಮದ್ದು ಅದೇ.

1916ರ ಸೆಪ್ಟೆಂಬರ್ 1ರಂದು ಅಧ್ಯಕ್ಷ ವುಡ್ರೋ ವಿಲ್ಸನ್ ಕೀಟಿಂಗ್–ಓವೆನ್ ಕಾಯಿದೆಗೆ ಸಹಿ ಹಾಕಿದರು. ಹದಿನಾಲ್ಕಕ್ಕಿಂತ ಕಿರಿಯರನ್ನು ದುಡಿಸಿದ ಕಾರ್ಖಾನೆಯ ಸರಕು ರಾಜ್ಯದ ಗಡಿ ದಾಟುವಂತಿಲ್ಲ. ಹದಿನಾರರ ಒಳಗಿನವರಿಗೆ ದಿನಕ್ಕೆ 8 ಗಂಟೆ ಮಾತ್ರ, ರಾತ್ರಿ ಕೆಲಸವಿಲ್ಲ. ನಾರ್ತ್ ಕೆರೊಲಿನಾದ ಶಾರ್ಲೆಟ್ ನಗರದ ಹತ್ತಿಗಿರಣಿಯಲ್ಲಿ ಇಬ್ಬರು ಮಕ್ಕಳೊಡನೆ ದುಡಿಯುತ್ತಿದ್ದ ಡಾಗನ್‌ಹಾರ್ಟ್ ಎಂಬ ತಂದೆಯ ಹೆಸರಿನಲ್ಲಿ ಇದರ ವಿರುದ್ಧ ಮೊಕದ್ದಮೆ ಹೂಡಲಾಯಿತು. 1918ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ ಕಾಯಿದೆಯನ್ನು ಕೆಡವಿತು. ಮೊಕದ್ದಮೆ ಗೆದ್ದ ಆ ಹುಡುಗರಲ್ಲಿ ಒಬ್ಬನನ್ನು ಕೆಲವು ವರ್ಷಗಳ ನಂತರ ಪತ್ರಕರ್ತನೊಬ್ಬ ಹುಡುಕಿ ಮಾತನಾಡಿಸಿದ. ಓದು ತಪ್ಪಿಹೋದ, ಮೈ ಬೆಳೆಯದ ಯುವಕನಾಗಿದ್ದ ಅವನು, ಆ ಗೆಲುವಿನಿಂದ ತನಗೆ ಒಳಿತಾಗಲಿಲ್ಲ ಎಂದೇ ಹೇಳಿದ.

ಮುಂದೆ ತೆರಿಗೆಯ ಮೂಲಕ ತಡೆಯುವ ಕಾನೂನು ಬಂತು. ಅದೂ 1922ರಲ್ಲಿ ಬಿತ್ತು. 1924ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಪ್ಪಿದ ಸಂವಿಧಾನ ತಿದ್ದುಪಡಿಗೆ ಸಾಕಷ್ಟು ರಾಜ್ಯಗಳ ಅನುಮೋದನೆ ಸಿಗಲಿಲ್ಲ. 1933ರಲ್ಲಿ, ಆರ್ಥಿಕ ಮಹಾಕುಸಿತದ ನಡುವೆ, ಹತ್ತಿಗಿರಣಿಗಳ ಸಂಹಿತೆ ಹದಿನಾರರ ಒಳಗಿನವರನ್ನು ಹೊರಗಿಟ್ಟಿತು. ಬೀದಿಯಲ್ಲಿ ದೊಡ್ಡವರೇ ಕೆಲಸವಿಲ್ಲದೆ ನಿಂತಿದ್ದಾಗ ಮಗುವಿನ ಕೂಲಿಯ ಅಗತ್ಯ ಯಾರಿಗೂ ಉಳಿದಿರಲಿಲ್ಲ. ಎರಡೇ ವರ್ಷಕ್ಕೆ ಕೋರ್ಟ್ ಆ ವ್ಯವಸ್ಥೆಯನ್ನೂ ರದ್ದು ಮಾಡಿತು. ನಿಲ್ಲುವ ಕಾನೂನು ಬಂದದ್ದು 1938ರಲ್ಲಿ. ಅಷ್ಟರಲ್ಲಿ ಆ್ಯಡಿಗೆ ನಲವತ್ತು ವರ್ಷ.

ಆದ್ದರಿಂದ ‘ಈ ಚಿತ್ರಗಳು ಬಾಲಕಾರ್ಮಿಕ ಪದ್ಧತಿಯನ್ನು ಕೊನೆಗಾಣಿಸಿದವು’ ಎಂಬ ವಾಕ್ಯವನ್ನು ನಾನು ಬರೆಯಲಾರೆ. ಅವು ‘ಮಕ್ಕಳು ಇಲ್ಲ’ ಎಂದು ಹೇಳುವುದನ್ನು ಅಸಾಧ್ಯ ಮಾಡಿದವು. ಅದಾದ ಮೇಲೆಯೂ ‘ಮಕ್ಕಳು ಇದ್ದರೇನಂತೆ’ ಎಂದು ಹೇಳುವವರು ಇದ್ದರು. ಅವರನ್ನು ಸೋಲಿಸಲು ಇನ್ನೂ ಇಪ್ಪತ್ತೆಂಟು ವರ್ಷ ಬೇಕಾಯಿತು.

ಇನ್ನೊಂದು ಮಾತನ್ನೂ ಹೇಳಲೇಬೇಕು. 1900ರ ಆ 17.5 ಲಕ್ಷ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇದ್ದದ್ದು ಹೊಲಗಳಲ್ಲಿ. ದಕ್ಷಿಣದ ಗಿರಣಿಗಳು ನೂಲುವ, ನೇಯುವ ಕೆಲಸಕ್ಕೆ ಬಿಳಿಯರನ್ನೇ ಇಟ್ಟುಕೊಳ್ಳುತ್ತಿದ್ದವು. ಹಾಗಾಗಿ ಗಿರಣಿಯ ಚಿತ್ರಗಳಲ್ಲಿ ಕಾಣುವ ಮುಖಗಳೂ ಬಿಳಿಯ ಮುಖಗಳೇ. ಅದೇ ಗಿರಣಿಗೆ ಬೇಕಾದ ಹತ್ತಿಯನ್ನು ಬಿಡಿಸುತ್ತಿದ್ದ ಕಪ್ಪು ಮಕ್ಕಳು ಆ ಚೌಕಟ್ಟಿನ ಹೊರಗೆ ಉಳಿದರು. ಹೈನ್ ಹೊಲಗಳಿಗೂ ಹೋದ, ಅಲ್ಲಿಯೂ ಚಿತ್ರ ತೆಗೆದ. ಆದರೆ ಜನರ ಕರುಣೆ ಮೊದಲು ಹರಿದದ್ದು ಬಿಳಿಯ ನೂಲುವ ಹುಡುಗಿಯ ಕಡೆಗೆ, ಮತ್ತು 1938ರ ಕಾನೂನು ಹೊಲದ ಕೆಲಸವನ್ನು ಬಹುಮಟ್ಟಿಗೆ ಹೊರಗಿಟ್ಟಿತು. ಇದನ್ನು ಆ್ಯಡಿಯ ಮೇಲೆ ಹೊರಿಸುವುದಕ್ಕಾಗುವುದಿಲ್ಲ. ಚಿತ್ರ ನೋಡಿ ಕಣ್ಣೀರು ಹಾಕಿದವರ ಮೇಲೆ ಹೊರಿಸಬಹುದು.

ಲೇರ್ಡ್ ಎಂಬ ಹುಡುಗಿ ಇರಲಿಲ್ಲ

ಹೈನ್ ಕೊನೆಯ ದಿನಗಳು ಕಷ್ಟದವು. ಎಂಪೈರ್ ಸ್ಟೇಟ್ ಕಟ್ಟಡ ಏಳುವಾಗ ಕಾರ್ಮಿಕರೊಡನೆ ಎತ್ತರಕ್ಕೆ ಹತ್ತಿ ಚಿತ್ರ ತೆಗೆದ ಆ ಮನುಷ್ಯ, 1940ರ ನವೆಂಬರ್‌ನಲ್ಲಿ, ಮನೆ ಕಳೆದುಕೊಂಡು, ಸರ್ಕಾರದ ನೆರವಿನಲ್ಲಿ ಬದುಕುತ್ತ ತೀರಿಕೊಂಡ. ಬಾಲಕಾರ್ಮಿಕ ಸಮಿತಿಗಾಗಿ ಅವನು ತೆಗೆದ 5,000ಕ್ಕೂ ಹೆಚ್ಚು ಚಿತ್ರಗಳು 1954ರಲ್ಲಿ ಅಮೆರಿಕ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು. ಟಿಪ್ಪಣಿಗಳೂ ಜೊತೆಗೆ ಉಳಿದವು. ಇಂದು ಯಾರು ಬೇಕಾದರೂ ಅವನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಬಹುದು.

1998ರಲ್ಲಿ ಅಮೆರಿಕದ ಅಂಚೆ ಇಲಾಖೆ 20ನೇ ಶತಮಾನದ ಪ್ರತಿ ದಶಕವನ್ನೂ ನೆನೆಯುವ ಅಂಚೆಚೀಟಿಗಳನ್ನು ತಂದಾಗ, 1910ರ ದಶಕದ ಹಾಳೆಯಲ್ಲಿ ಬಾಲಕಾರ್ಮಿಕ ಸುಧಾರಣೆಗೆ ಆರಿಸಿದ್ದು ಈ ಚಿತ್ರವನ್ನು. 32 ಸೆಂಟಿನ ಚೀಟಿಯ ಮೇಲೆ ನಾರ್ತ್ ಪೌನಲ್‌ನ ಹುಡುಗಿ ಮನೆಮನೆಗೆ ಹೋದಳು. ಅವಳು ಯಾರೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

2000ದ ದಶಕದ ನಡುವಿನಲ್ಲಿ ಈ ಚಿತ್ರದಿಂದ ಪ್ರೇರಿತಳಾಗಿ ಮಕ್ಕಳ ಕಾದಂಬರಿ ಬರೆದ ಒಬ್ಬ ಲೇಖಕಿ, ಕಾದಂಬರಿ ಮುಗಿದ ಮೇಲೆ ನಿಜವಾದ ಹುಡುಗಿಯನ್ನು ಹುಡುಕಲು ಹೊರಟಳು. ‘ಆ್ಯಡಿ ಲೇರ್ಡ್’ ಎಂಬ ಹೆಸರು ಎಲ್ಲಿಯೂ ಸಿಗಲಿಲ್ಲ. ಕೊನೆಗೆ 1910ರ ಜನಗಣತಿಯಲ್ಲಿ ನಾರ್ತ್ ಪೌನಲ್ ಊರಿನ ಹಾಳೆಗಳನ್ನು ಹುಡುಕಿದಾಗ ಅಜ್ಜಿಯ ಮನೆಯಲ್ಲಿದ್ದ ಮೊಮ್ಮಕ್ಕಳ ನಡುವೆ ಒಂದು ಹೆಸರು ಕಂಡಿತು: ಆ್ಯಡಿ ಕಾರ್ಡ್. ತಪ್ಪು ಬರೆಯುವಾಗ ಆಯಿತೋ, ಬೆರಳಚ್ಚು ಮಾಡುವಾಗ ಆಯಿತೋ, ಕಾರ್ಡ್ ಎಂಬುದು ಲೇರ್ಡ್ ಆಗಿತ್ತು. ಅದೇ ಸಂಗ್ರಹದ ಇನ್ನೊಂದು ಪ್ರತಿಯ ಅಡಿಬರಹದಲ್ಲಿ ‘ಆ್ಯಡಿ ಕಾರ್ಡ್’ ಎಂದೇ ಇದೆ; ಆದರೆ ಅಲ್ಲಿ ಊರಿನ ಹೆಸರು ‘ಪೋರ್ಮಲ್’ ಆಗಿದೆ. ಒಂದರಲ್ಲಿ ಊರು ತಪ್ಪು, ಇನ್ನೊಂದರಲ್ಲಿ ಹುಡುಗಿ ತಪ್ಪು. ಡೆಸ್ಕಿನಲ್ಲಿ ಕೂತು ಇಂತಹ ತಪ್ಪುಗಳನ್ನು ನಾನೂ ಮಾಡಿದ್ದೇನೆ, ಮರುದಿನದ ಪತ್ರಿಕೆಯಲ್ಲಿ ತಿದ್ದಿದ್ದೇನೆ. ಈ ತಪ್ಪಿಗೆ ಮರುದಿನ ಇರಲಿಲ್ಲ.

ಮಸಾಚುಸೆಟ್ಸ್‌ನ ಒಬ್ಬ ಸಂಶೋಧಕ ಆ ಲೇಖಕಿಯ ಜೊತೆ ಸೇರಿ ಮುಂದಿನ ಎಳೆ ಹಿಡಿದ. ಚರ್ಚು, ಪುರಸಭೆ, ಮದುವೆಯ ದಾಖಲೆಗಳಲ್ಲಿ ಹುಡುಕಿ ಸಿಕ್ಕ ಬದುಕು ಹೀಗಿದೆ. ಆ್ಯಡಿ ತೀರ ಎಳವೆಯಲ್ಲಿದ್ದಾಗಲೇ ತಾಯಿ ತೀರಿಕೊಂಡಿದ್ದಳು, ಸಾಕಿದವಳು ಅಜ್ಜಿ. ಅಕ್ಕನೂ ಅದೇ ಗಿರಣಿಯಲ್ಲಿ ದುಡಿಯುತ್ತಿದ್ದಳು. 1915ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಮದುವೆಯಾದಳು. ಆ ಮದುವೆ ಉಳಿಯಲಿಲ್ಲ, ಮತ್ತೊಂದು ಮದುವೆಯಾಯಿತು. ಕೊನೆಯ ವರ್ಷಗಳನ್ನು ಕಳೆದದ್ದು ನ್ಯೂಯಾರ್ಕ್ ರಾಜ್ಯದ ಕೋಹೋಸ್‌ನಲ್ಲಿ, ಅದೂ ಒಂದು ಕಾಲಕ್ಕೆ ಹತ್ತಿಗಿರಣಿಗಳಿಂದ ಬೆಳೆದ ಊರು. ತೊಂಬತ್ತು ದಾಟಿ ಬದುಕಿದಳು. 1993ರಲ್ಲಿ ತೀರಿಕೊಂಡಳು, ಅಂಚೆಚೀಟಿ ಬರುವುದಕ್ಕೆ ಐದು ವರ್ಷ ಮೊದಲು. ಮೊಮ್ಮಕ್ಕಳು, ಮರಿಮಕ್ಕಳು ಅವಳನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದರು. ಆ್ಯಡಿ ಎಂಬ ಹೆಸರನ್ನು ಅವಳೇ ಹಿಂದೆ ಬಿಟ್ಟು ಬಂದಿದ್ದಳು. ಆ ಚಿತ್ರ ಅವಳದೆಂದು ಅವರಿಗೆ ತಿಳಿದದ್ದು ಹುಡುಕಿಕೊಂಡು ಬಂದವರಿಂದ.

ಗಿರಣಿಯೂ ಉಳಿಯಲಿಲ್ಲ. 1930ರ ದಶಕದಲ್ಲಿ ಅದು ಚರ್ಮ ಹದಮಾಡುವ ಕಾರ್ಖಾನೆಯಾಯಿತು; ಅದು 1988ರಲ್ಲಿ ಮುಚ್ಚಿತು. ಮಣ್ಣಿನಲ್ಲೂ ನದಿಯ ದಂಡೆಯಲ್ಲೂ ಸೇರಿದ್ದ ವಿಷವನ್ನು ತೆಗೆಯಲು ಸರ್ಕಾರ ಬರಬೇಕಾಯಿತು.

ಈ ಪ್ರಕರಣವನ್ನು ಓದುತ್ತಾ ಹೋದಂತೆ ನಾನು ಇನ್ನೊಂದು ಚಿತ್ರಕ್ಕೆ ಮತ್ತೆ ಮತ್ತೆ ಮರಳಿದೆ. 1908ರ ಡಿಸೆಂಬರ್, ನಾರ್ತ್ ಕೆರೊಲಿನಾದ ವಿಟ್ನೆಲ್ ಗಿರಣಿ. ಉದ್ದನೆಯ ರಿಂಗ್ ಫ್ರೇಮಿನ ಪಕ್ಕದಲ್ಲಿ ಒಬ್ಬ ಹುಡುಗಿ. ಅಡಿಬರಹ ತುಂಬ ವಿವರವಾಗಿದೆ: 51 ಇಂಚು ಎತ್ತರ. ಗಿರಣಿಗೆ ಸೇರಿ ಒಂದು ವರ್ಷ. ಕೆಲವೊಮ್ಮೆ ರಾತ್ರಿಯೂ ಕೆಲಸ. ನಾಲ್ಕು ಸೈಡ್ ನೋಡಿಕೊಳ್ಳುತ್ತಾಳೆ, ದಿನಕ್ಕೆ 48 ಸೆಂಟ್. ವಯಸ್ಸೆಷ್ಟು ಎಂದು ಕೇಳಿದಾಗ ತಡವರಿಸಿ, ‘ನೆನಪಿಲ್ಲ’ ಎಂದಳು. ಆಮೇಲೆ ಗುಟ್ಟು ಹೇಳುವಂತೆ, ‘ಕೆಲಸ ಮಾಡುವಷ್ಟು ವಯಸ್ಸಾಗಿಲ್ಲ, ಆದರೂ ಮಾಡುತ್ತೇನೆ’ ಎಂದಳು. 50 ಕೆಲಸಗಾರರಲ್ಲಿ ಅವಳಷ್ಟೇ ಎತ್ತರದ ಮಕ್ಕಳು ಹತ್ತು ಮಂದಿ.

ಎತ್ತರ, ಕೂಲಿ, ಪಾಳಿ, ಅವಳಾಡಿದ ಮಾತು ಎಲ್ಲವೂ ಅಲ್ಲಿವೆ. ಹೆಸರು ಇಲ್ಲ. ತಪ್ಪಾಗಿಯಾದರೂ ಬರೆದಿಲ್ಲ.